ದಸ್ತರ್‌ಖಾನಿನ ಮೇಲೆ ರಾಗಿ

ನಮ್ಮ ದಾದಿ ಹುಣಸೂರು ಕಡೆಯ ಹಳ್ಳಿಯಿಂದ ಮೈಸೂರಿನ ಮಂಡಿ ಮೊಹಲ್ಲಾಕ್ಕೆ ಸೊಸೆಯಾಗಿ ಬಂದವರು. ಅವರ ತವರಿನಲ್ಲಿ ಎರಡು ಹೊತ್ತೂ ರಾಗಿ ಮುದ್ದೆ. ಪಟ್ಟಣಕ್ಕೆ ಬಂದ ಮೇಲೂ ಮುದ್ದೆ ಇಳಿಯದೆ ಅವರಿಗೆ ಊಟವಾದ ಹಾಗೆ ಅನ್ನಿಸುತ್ತಿರಲಿಲ್ಲ. ಆದರೆ ಒಲೆಯ ಮೇಲೆ ಮುದ್ದೆ ಬೇಯುತ್ತಿರುವಾಗ ಬೀಗರ ಕಡೆಯವರು ಯಾರಾದರೂ ಬಾಗಿಲು ತಟ್ಟಿದರೆ, ಸಲಾಮಿಗೂ ಮೊದಲು ಆಗುತ್ತಿದ್ದ ಕೆಲಸ ಆ ಪಾತ್ರೆಯನ್ನು ಹಿತ್ತಲಿಗೆ ಸಾಗಿಸುವುದು. ಬಂದವರ ಮುಂದೆ ಹಾಸಿದ ದಸ್ತರ್‌ಖಾನಿನ ಮೇಲೆ ಅನ್ನ, ಸಾಲನ್ ಮತ್ತು ಅಂಗಡಿಯಿಂದ ಓಡಿಹೋಗಿ ತಂದ ಬನ್ನು ಇರುತ್ತಿದ್ದವು. ರಾಗಿ ಹಸಿವಿಗೆ, ಅಕ್ಕಿ ಮಾನಕ್ಕೆ.

ದಾದಿ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ಅದೇ ರಾಗಿ ನಮ್ಮ ಮನೆಗೆ ಮತ್ತೊಂದು ದಾರಿಯಿಂದ ಬಂತು. ಅಮ್ಮಿಗೆ ಶುಗರ್ ಇದೆಯೆಂದು ಗೊತ್ತಾಯಿತು. ವೈದ್ಯರು ಮಾತ್ರೆಯ ಚೀಟಿಯ ಕೆಳಗೆ ಊಟದ ಪಟ್ಟಿಯನ್ನೂ ಬರೆದುಕೊಟ್ಟರು. ಬಿಳಿ ಅನ್ನ ಕಡಿಮೆ, ಸೊಪ್ಪು ಜಾಸ್ತಿ, ರಾತ್ರಿ ಸಣ್ಣದೊಂದು ಮುದ್ದೆ. ಅಂದು ರಾತ್ರಿ ನಾವೆಲ್ಲ ಖುಷ್ಕಾ ತಿನ್ನುತ್ತಿರುವಾಗ ಅಮ್ಮಿಯ ಮುಂದೆ ಒಂದು ಸ್ಟೀಲ್ ತಟ್ಟೆಯಲ್ಲಿ ಮುದ್ದೆಯನ್ನು ಬೇರೆಯಾಗಿ ಇಟ್ಟರು. ಅಮ್ಮಿ ಅತ್ತರು. ‘ಕಾಯಿಲೆ ಬಂತು ಅಂತ ಅಳುತ್ತಿಲ್ಲ. ನನ್ನ ತಟ್ಟೆ ಬೇರೆ ಮಾಡಿದಿರಲ್ಲ, ಅದಕ್ಕೆ’ ಎಂದರು.

ಆ ಮಾತು ನನ್ನನ್ನು ಬಹಳ ಕಾಲ ಬಿಡಲಿಲ್ಲ. ಒಂದು ಕುಟುಂಬದ ಊಟ ಬದಲಾಗುವುದು ಹೇಗೆ? ಆರೋಗ್ಯಕ್ಕೆ ಒಳ್ಳೆಯದು ಎಂದು ತಿಳಿದ ಮಾತ್ರಕ್ಕೆ ಜನ ತಿನ್ನುತ್ತಾರೆಯೇ? ಈ ಪ್ರಶ್ನೆಗೆ ಉತ್ತರ ಹುಡುಕಲು ಮೈಸೂರಿಗಿಂತ ಒಳ್ಳೆಯ ಊರು ಸಿಕ್ಕಲಿಕ್ಕಿಲ್ಲ. ದೇಶದ ಊಟವನ್ನೇ ಬದಲಿಸಲು ಹೊರಟ ಪ್ರಯೋಗಾಲಯ ಇರುವುದು ಇದೇ ಊರಿನಲ್ಲಿ. ಅದರ ಸುತ್ತಲಿನ ಹಳ್ಳಿಗಳು ಶತಮಾನಗಳಿಂದ ತಿಂದದ್ದು ರಾಗಿಯನ್ನು.

ರಾಗಿಯ ಮಾನಾಪಮಾನದ ಕಥೆ ಹಳೆಯದು. ಹದಿನಾರನೆಯ ಶತಮಾನದ ಕನಕದಾಸರು ‘ರಾಮಧಾನ್ಯ ಚರಿತೆ’ ಬರೆದಾಗಲೇ ಅಕ್ಕಿ ಉಳ್ಳವರ ಧಾನ್ಯವಾಗಿ, ರಾಗಿ ಇಲ್ಲದವರ ಧಾನ್ಯವಾಗಿ ಎದುರುಬದುರು ನಿಂತಿದ್ದವು. ಆ ಕಾವ್ಯದಲ್ಲಿ ಎರಡನ್ನೂ ಸೆರೆಯಲ್ಲಿಡಲಾಗುತ್ತದೆ. ತಿಂಗಳುಗಳು ಕಳೆದ ಮೇಲೆ ಅಕ್ಕಿ ಕೆಟ್ಟಿರುತ್ತದೆ, ರಾಗಿ ಗಟ್ಟಿಯಾಗಿ ಉಳಿದಿರುತ್ತದೆ. ಇದು ಬರಿಯ ಕವಿಕಲ್ಪನೆಯಲ್ಲ. ಟಿಪ್ಪು ಸುಲ್ತಾನ್ ಹುತಾತ್ಮನಾದ ಮರುವರ್ಷ, 1800ರಲ್ಲಿ, ಕಂಪೆನಿ ಸರ್ಕಾರದ ಆದೇಶದಂತೆ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಇಲ್ಲಿನ ಸಾಮಾನ್ಯ ಜನರ ಮುಖ್ಯ ಆಹಾರ ರಾಗಿ ಎಂದು ದಾಖಲಿಸಿದ್ದಾನೆ. ನೆಲದಡಿಯ ಹಗೇವುಗಳಲ್ಲಿ ರಾಗಿಯನ್ನು ವರ್ಷಗಟ್ಟಲೆ ಕೂಡಿಡುತ್ತಿದ್ದರು. ಮಳೆ ಕೈಕೊಟ್ಟ ವರ್ಷ ಹಗೇವಿನ ಬಾಯಿ ತೆಗೆದರೆ ಊರು ಉಳಿಯುತ್ತಿತ್ತು.

ಹಗೇವುಗಳೂ ಬರಿದಾದ ಕಾಲವೊಂದು ಬಂತು. ಜನ ‘ಧಾತು ಈಶ್ವರ’ದ ಬರ ಎಂದು ಕರೆದ 1876–78ರ ಕ್ಷಾಮದಲ್ಲಿ ಮೈಸೂರು ಸಂಸ್ಥಾನ ತತ್ತರಿಸಿಹೋಯಿತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಆ ಮೇಲೆ ನೀರಾವರಿ ಎಂಬುದು ಸಂಸ್ಥಾನದ ದೊಡ್ಡ ಕನಸಾದದ್ದು ಸಹಜ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. 1930ರ ದಶಕದಲ್ಲಿ ನಾಲೆಯ ನೀರು ಮಂಡ್ಯದ ಹೊಲಗಳಿಗೆ ಹರಿಯಿತು. ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಭತ್ತ ಬಂತು, ಕಬ್ಬು ಬಂತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪೆನಿ ಸ್ಥಾಪನೆಯಾಯಿತು. ಹಸಿವಿನಿಂದ ಸತ್ತವರ ಮೊಮ್ಮಕ್ಕಳಿಗೆ ಅನ್ನವೂ ಸಕ್ಕರೆಯೂ ಕೈಗೆಟುಕುವಂತಾದದ್ದು ಸಣ್ಣ ಸಾಧನೆಯಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರನ್ನೂ ವಿಶ್ವೇಶ್ವರಯ್ಯನವರನ್ನೂ ಜನ ಇಂದಿಗೂ ನೆನೆಯುವುದು ಸುಮ್ಮನೆ ಅಲ್ಲ. ಆದರೆ ಇಂದು ನಮ್ಮ ಮೊಹಲ್ಲಾಗಳ ಮನೆಮನೆಯಲ್ಲಿ ಶುಗರ್ ಅಳೆಯುವ ಯಂತ್ರ ಇರುವುದಕ್ಕೂ, ಬಿಳಿ ಅನ್ನ ಮತ್ತು ಬಿಳಿ ಸಕ್ಕರೆ ಹೀಗೆ ಒಟ್ಟಿಗೇ ನಮ್ಮ ಒಲೆಗೆ ಬಂದದ್ದಕ್ಕೂ ಸಂಬಂಧವಿದೆ ಎಂಬುದನ್ನು ಮರೆಯುವಂತಿಲ್ಲ.

ಅನ್ನ ಬಂದ ಬಗೆಯೂ ಬದಲಾಗಿತ್ತು. ಒನಕೆಯಲ್ಲಿ ಕುಟ್ಟಿದ ಅಕ್ಕಿಯ ಮೇಲೆ ತೌಡಿನ ಪದರ ಸ್ವಲ್ಪವಾದರೂ ಉಳಿಯುತ್ತಿತ್ತು. ಮಿಲ್ಲು ಅದನ್ನು ಪೂರ್ತಿ ಉಜ್ಜಿ ತೆಗೆಯಿತು. ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮ್ಯಾಕರಿಸನ್ ಎಂಬ ವೈದ್ಯ 1920ರ ದಶಕದಲ್ಲಿ ಭಾರತದ ಬೇರೆ ಬೇರೆ ಸೀಮೆಗಳ ಊಟವನ್ನು ಇಲಿಗಳಿಗೆ ತಿನ್ನಿಸಿ ನೋಡಿದ. ಇಡೀ ಗೋಧಿಯ ರೊಟ್ಟಿ, ಬೇಳೆ, ಹಾಲು, ತರಕಾರಿ ತಿಂದ ಇಲಿಗಳು ಚೆನ್ನಾಗಿ ಬೆಳೆದವು. ದಕ್ಷಿಣದ ಪಾಲಿಶ್ ಅಕ್ಕಿಯ ಊಟ ತಿಂದವು ಸೊರಗಿದವು. ಅದೇ ಕೂನೂರಿನಿಂದ 1937ರಲ್ಲಿ ಡಬ್ಲ್ಯು.ಆರ್. ಐಕ್ರಾಯ್ಡ್ ಭಾರತದ ಆಹಾರಗಳ ಪೌಷ್ಟಿಕ ಗುಣಗಳ ಪಟ್ಟಿಯನ್ನು ಪ್ರಕಟಿಸಿದರು. ಆ ಪರಂಪರೆಯಲ್ಲಿ ಮುಂದೆ ಬಂದ ಪಟ್ಟಿಗಳ ಪ್ರಕಾರ 100 ಗ್ರಾಂ ರಾಗಿಯಲ್ಲಿ 344 ಮಿಲಿಗ್ರಾಂ ಸುಣ್ಣದಂಶವಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಇರುವುದು ಸುಮಾರು 10 ಮಿಲಿಗ್ರಾಂ. ಲೆಕ್ಕ ಇಷ್ಟು ಸ್ಪಷ್ಟವಿತ್ತು. ಆದರೂ ನಮ್ಮ ದಾದಿ ಮುದ್ದೆಯನ್ನು ಹಿತ್ತಲಿಗೆ ಸಾಗಿಸುತ್ತಲೇ ಇದ್ದರು. ಬೀಗರು ಸುಣ್ಣದಂಶ ನೋಡಲು ಬರುತ್ತಿರಲಿಲ್ಲವಲ್ಲ!

ಸ್ವಾತಂತ್ರ್ಯ ಬಂದಾಗ ದೇಶದ ಮುಂದಿದ್ದ ಪ್ರಶ್ನೆ ಆಹಾರದ್ದು. 1943ರ ಬಂಗಾಳದ ಕ್ಷಾಮದ ನೆನಪು ಹಸಿಯಾಗಿತ್ತು, ಪಡಿತರದ ಸಾಲುಗಳು ಕರಗಿರಲಿಲ್ಲ. ಆಗ ಮೈಸೂರಿನಲ್ಲಿ, ರಾಜಕುಮಾರಿಯೊಬ್ಬರಿಗಾಗಿ ಕಟ್ಟಿಸಿದ್ದ ಚೆಲುವಾಂಬ ಅರಮನೆಯಲ್ಲಿ, 1950ರ ಅಕ್ಟೋಬರ್ 21ರಂದು ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ ಆರಂಭವಾಯಿತು. ಮೈಸೂರಿಗರ ಬಾಯಲ್ಲಿ ಅದು ಸಿಎಫ್‌ಟಿಆರ್‌ಐ. ಮೊದಲ ನಿರ್ದೇಶಕರು ವಿ. ಸುಬ್ರಹ್ಮಣ್ಯನ್. ಅವರ ನಂತರ, 1960ರ ದಶಕದಲ್ಲಿ ಎಚ್.ಎ.ಬಿ. ಪಾರ್ಪಿಯಾ ಸಂಸ್ಥೆಯನ್ನು ಮುನ್ನಡೆಸಿದರು.

ಅಕ್ಕಿಯ ಕೊರತೆಗೆ ಈ ಸಂಸ್ಥೆ ಹುಡುಕಿದ ಉತ್ತರಗಳನ್ನು ಇಂದು ಓದಿದರೆ ಅಚ್ಚರಿಯೂ ಗೌರವವೂ ಒಟ್ಟಿಗೆ ಮೂಡುತ್ತವೆ. ಮರಗೆಣಸಿನ ಹಿಟ್ಟು ಮುಕ್ಕಾಲು ಪಾಲು, ಕಡಲೆಕಾಯಿ ಹಿಂಡಿಯ ಹಿಟ್ಟು ಕಾಲು ಪಾಲು ಸೇರಿಸಿದ ‘ಮೈಸೂರು ಹಿಟ್ಟು’ ಒಂದು. ಅದೇ ಪದಾರ್ಥಗಳಿಗೆ ಗೋಧಿ ರವೆ ಬೆರೆಸಿ ಅಕ್ಕಿಕಾಳಿನ ಆಕಾರಕ್ಕೆ ತಂದ ಕೃತಕ ಅಕ್ಕಿ ಇನ್ನೊಂದು. ಮೂರನೆಯದು ‘ಬಹೂಪಯೋಗಿ ಆಹಾರ’. ಇದರ ಮೂಲ ಅಮೆರಿಕೆಯಲ್ಲಿದೆ. ಲಾಸ್ ಏಂಜಲೀಸ್‌ನ ಉಪಾಹಾರಗೃಹವೊಂದರ ಮಾಲೀಕ ಕ್ಲಿಫರ್ಡ್ ಕ್ಲಿಂಟನ್, ಹೆನ್ರಿ ಬೋರ್ಸೂಕ್ ಎಂಬ ವಿಜ್ಞಾನಿಯಿಂದ ಬಡವರಿಗಾಗಿ ಸೋಯಾದ ಅಗ್ಗದ ಪುಡಿಯೊಂದನ್ನು ಮಾಡಿಸಿದ್ದ. ಮೈಸೂರಿನಲ್ಲಿ ಸೋಯಾದ ಜಾಗಕ್ಕೆ ಕಡಲೆಕಾಯಿ ಹಿಟ್ಟು ಮತ್ತು ಕಡಲೆ ಹಿಟ್ಟು ಬಂದವು. ಜೊತೆಗೆ ಸುಣ್ಣದಂಶ, ಜೀವಸತ್ವಗಳು ಸೇರಿದವು. ಸಾರಿಗೆ ಎರಡು ಚಮಚ ಹಾಕಿದರೂ ಸಾಕು, ಮನೆಮಂದಿಗೆ ಪ್ರೋಟೀನ್ ಸಿಗುತ್ತದೆ ಎಂಬುದು ಲೆಕ್ಕ. ಮುಂದೆ ಮಕ್ಕಳಿಗಾಗಿ ‘ಬಾಲಾಹಾರ’, ಕಡಲೆಕಾಯಿಯ ಪ್ರೋಟೀನನ್ನು ಹಾಲಿಗೆ ಬೆರೆಸಿದ ‘ಮಿಲ್ಟೋನ್’ ಬಂದವು.

ಇವುಗಳಲ್ಲಿ ಕೆಲವು ಶಾಲೆಗಳಿಗೆ, ಪರಿಹಾರ ಕೇಂದ್ರಗಳಿಗೆ ತಲುಪಿ ಎಷ್ಟೋ ಮಕ್ಕಳ ಹೊಟ್ಟೆ ತುಂಬಿಸಿದವು. ಆದರೆ ಮನೆಯ ಒಲೆಯ ಮೇಲೆ ಒಂದೂ ನೆಲೆಯಾಗಿ ನಿಲ್ಲಲಿಲ್ಲ. ಹಿಟ್ಟು ಚೆನ್ನಾಗಿರಲಿಲ್ಲ ಎಂದಲ್ಲ. ಅದು ಬಂದದ್ದೇ ‘ಬಡವರಿಗೆ’ ಎಂಬ ಹೆಸರು ಹೊತ್ತು. ಅಕ್ಕಿಗೆ ಬದಲು ಎಂದು ಕೊಟ್ಟದ್ದನ್ನು ತಿನ್ನುವವನಿಗೆ ಪ್ರತಿ ತುತ್ತಿನಲ್ಲೂ ಅಕ್ಕಿಯೇ ನೆನಪಾಗುತ್ತದೆ. ವಿಜ್ಞಾನದ ಲೆಕ್ಕದಲ್ಲೂ ಸಂಶಯಗಳು ಎದ್ದವು. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಸ್ಟು ಹಿಡಿದ ಕಡಲೆಕಾಯಿ ಹಿಂಡಿ ತಿಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತ ಮೇಲೆ ಅಫ್ಲಾಟಾಕ್ಸಿನ್ ಎಂಬ ವಿಷದ ಭಯ ಕಡಲೆಕಾಯಿ ಹಿಟ್ಟಿಗೂ ಅಂಟಿಕೊಂಡಿತು. ಇನ್ನೊಂದು ಕಡೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಿ. ಗೋಪಾಲನ್, ಅಂಕಿಅಂಶ ತಜ್ಞ ಪಿ.ವಿ. ಸುಖಾತ್ಮೆ ಮೊದಲಾದವರು ನಮ್ಮ ಮಕ್ಕಳ ಕೊರತೆ ಪ್ರೋಟೀನಿನದಲ್ಲ, ಹೊಟ್ಟೆ ತುಂಬುವಷ್ಟು ಊಟದ್ದು ಎಂದು ವಾದಿಸಿದರು. ಎರಡು ಹೊತ್ತು ರೊಟ್ಟಿ-ಬೇಳೆ ಹೊಟ್ಟೆ ತುಂಬ ಸಿಕ್ಕಿದರೆ ಪ್ರೋಟೀನ್ ಅದರಲ್ಲೇ ಬರುತ್ತದೆ. ಪುಡಿಯ ಡಬ್ಬಿಗಿಂತ ಕೂಲಿಯ ದರ ದೊಡ್ಡದು ಎಂಬ ಸತ್ಯ ಇಲ್ಲಿದೆ.

ಮೈಸೂರಿನ ಪ್ರಯೋಗಾಲಯದ ಒಂದು ಕೆಲಸ ಮಾತ್ರ ಮನೆಮನೆಗೆ ನುಗ್ಗಿತು. ಎಮ್ಮೆಯ ಹಾಲಿನಿಂದ ಶಿಶು ಆಹಾರ ಮಾಡಲು ಬರುವುದಿಲ್ಲ ಎಂಬ ಮಾತಿತ್ತು. ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಅದನ್ನು ಸುಳ್ಳು ಮಾಡಿದರು. ಆ ವಿಧಾನದಿಂದ ತಯಾರಾದ ಅಮುಲ್ ಶಿಶು ಆಹಾರ 1960ರ ಸುಮಾರಿಗೆ ಪೇಟೆಗೆ ಬಂತು. ಇದು ಬಡವರ ಆಹಾರ ಎಂದು ಬರಲಿಲ್ಲ. ಚೆಂದದ ಡಬ್ಬಿಯಲ್ಲಿ, ಉಳ್ಳವರ ಮನೆಯ ಕಪಾಟಿನಲ್ಲಿ ಕೂತು ಬಂತು. ವಿದೇಶದಿಂದ ಡಬ್ಬಿ ತರಿಸುವ ಹಂಗು ತಪ್ಪಿತು ಎಂಬುದು ನಿಜ. ಆದರೆ ಡಬ್ಬಿಯ ಹಾಲೇ ದೊಡ್ಡಸ್ತಿಕೆ ಎಂಬ ಭ್ರಮೆ ಬೆಳೆದು, ಎದೆಹಾಲು ಇದ್ದ ತಾಯಂದಿರೂ ಡಬ್ಬಿ ಹುಡುಕುವಂತಾಯಿತು. ಕೊನೆಗೆ 1992ರಲ್ಲಿ ಶಿಶು ಆಹಾರದ ಜಾಹೀರಾತನ್ನೇ ನಿಷೇಧಿಸಿ ಸಂಸತ್ತು ಕಾನೂನು ಮಾಡಬೇಕಾಯಿತು. ಮಾನದ ಬೆನ್ನು ಹತ್ತಿ ಬರುವ ಆಹಾರವೆಲ್ಲ ಒಳ್ಳೆಯದೇ ಆಗಿರಬೇಕಿಲ್ಲ.

ಗೋಧಿ ಬಂದದ್ದೂ ಹೀಗೆಯೇ. 1956ರಲ್ಲಿ ಅಮೆರಿಕದೊಂದಿಗೆ ಪಿ.ಎಲ್. 480 ಒಪ್ಪಂದವಾಯಿತು, ಹಡಗುಗಳಲ್ಲಿ ಗೋಧಿ ಬಂತು. 1965ರಲ್ಲಿ ಯುದ್ಧ ಮತ್ತು ಬರ ಒಟ್ಟಿಗೆ ಬಂದಾಗ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಸೋಮವಾರ ಒಂದು ಹೊತ್ತಿನ ಊಟ ಬಿಡಿ ಎಂದು ಜನರನ್ನು ಕೇಳಿಕೊಂಡರು. ಅದೇ ವರ್ಷ ಸರ್ಕಾರ ಮಾಡರ್ನ್ ಬೇಕರೀಸ್ ಸ್ಥಾಪಿಸಿತು. ಅಲ್ಲಿಯವರೆಗೆ ನಮ್ಮ ಕಡೆ ಬ್ರೆಡ್ಡು ಎಂದರೆ ಜ್ವರ ಬಂದವರ ತಿಂಡಿ. ಆಸ್ಪತ್ರೆಗೆ ನೋಡಲು ಹೋಗುವವರು ಕೈಯಲ್ಲಿ ಹಿಡಿದುಕೊಂಡು ಹೋಗುತ್ತಿದ್ದದ್ದು. ಬರಬರುತ್ತಾ ಅದು ಸ್ಕೂಲಿಗೆ ಹೋಗುವ ಮಕ್ಕಳ ಬೆಳಗಿನ ತಿಂಡಿಯಾಯಿತು. ನಮ್ಮ ಮೊಹಲ್ಲಾಗಳಲ್ಲಿ ಅದರ ಹಿಂದೆಯೇ ಮೈದಾದ ಪರೋಟ, ಖಾರಿ ಬಿಸ್ಕತ್ತು, ಬಗೆಬಗೆಯ ಬನ್ನುಗಳು ಬಂದವು. ಪಡಿತರಕ್ಕಾಗಿ ಬಂದದ್ದು ಬಾಯಿರುಚಿಯಾಗಿ ಉಳಿಯಿತು.

ಹೊಸದನ್ನು ತಿನ್ನುವುದಕ್ಕೆ ನಮ್ಮ ಜನ ಎಂದೂ ಹಿಂಜರಿದವರಲ್ಲ ಎಂಬುದನ್ನೂ ಹೇಳಬೇಕು. ಮೆಣಸಿನಕಾಯಿ, ಟೊಮ್ಯಾಟೊ, ಆಲೂಗಡ್ಡೆ, ಕಡಲೆಕಾಯಿ ಎಲ್ಲವೂ ಸಮುದ್ರದಾಚೆಯವು. ಇವಿಲ್ಲದೆ ಇಂದು ನಮ್ಮ ದಾಲ್ಚಾವೂ ಇಲ್ಲ, ಪಕ್ಕದ ಮನೆಯ ಹುಳಿಯೂ ಇಲ್ಲ. ಯೆಮೆನ್‌ನಿಂದ ಏಳು ಕಾಫಿ ಬೀಜ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ನೆಟ್ಟರೆಂದು ಜನ ನಂಬುವ ಬಾಬಾಬುಡನ್ ಸೂಫಿ ಸಂತರು. ಬೆಳಗಿನ ರಾಗಿ ಅಂಬಲಿಯ ಜಾಗದಲ್ಲಿ ಆ ಕಾಫಿ ಕೂತದ್ದು ಯಾವ ಸಂಸ್ಥೆಯ ಪ್ರಚಾರದಿಂದಲೂ ಅಲ್ಲ. ಅದಕ್ಕೆ ರುಚಿಯಿತ್ತು, ಬಂದವರ ಮುಂದೆ ಇಡಲು ಯೋಗ್ಯವೆಂಬ ಮಾನವಿತ್ತು, ಮಾಡುವವಳಿಗೆ ಕಷ್ಟವಿರಲಿಲ್ಲ. ಹೊಸ ಆಹಾರಕ್ಕೆ ಈ ಮೂರೂ ಬೇಕು. ಮೂರರಲ್ಲಿ ಒಂದು ತಪ್ಪಿದರೂ ಡಬ್ಬಿ ಅಟ್ಟ ಸೇರುತ್ತದೆ.

ಈ ನಡುವೆ ರಾಗಿಯನ್ನು ಕೈಬಿಡದವರೂ ಇದ್ದರು. ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ಲಕ್ಷ್ಮಣಯ್ಯ ಎಂಬ ವಿಜ್ಞಾನಿ ಭಾರತದ ತಳಿಗಳನ್ನೂ ಆಫ್ರಿಕಾದ ತಳಿಗಳನ್ನೂ ಕೂಡಿಸಿ ‘ಇಂಡಾಫ್’ ತಳಿಗಳನ್ನು ರೂಪಿಸಿದರು. ರೈತರು ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ರಾಗಿಯ ಮೂಲ ಆಫ್ರಿಕಾ ಎಂಬುದನ್ನು ನೆನೆದರೆ, ಬಹಳ ಕಾಲ ಬೇರೆಯಾಗಿದ್ದ ನೆಂಟರನ್ನು ಅವರು ಒಂದು ಮಾಡಿದಂತಾಯಿತು. ಸಿಎಫ್‌ಟಿಆರ್‌ಐಯಲ್ಲಿ ಎಚ್.ಎಸ್.ಆರ್. ದೇಶಿಕಾಚಾರ್ ಮತ್ತು ಎನ್.ಜಿ. ಮಲ್ಲೇಶಿ 1980ರ ದಶಕದಲ್ಲಿ ಮೊಳಕೆ ಕಟ್ಟಿದ ರಾಗಿ ಮತ್ತು ಹೆಸರುಕಾಳಿನಿಂದ ಮಕ್ಕಳ ಆಹಾರ ಮಾಡುವ ಬಗ್ಗೆ ಕೆಲಸ ಮಾಡಿದರು. ಮೊಳಕೆ ಬಂದ ರಾಗಿಯ ಹಿಟ್ಟು ಕಾಯಿಸಿದಾಗ ತೀರ ಗಟ್ಟಿಯಾಗುವುದಿಲ್ಲ. ಹಾಗಾಗಿ ಮಗುವಿನ ಸಣ್ಣ ಹೊಟ್ಟೆಗೆ ಅದೇ ಬಟ್ಟಲಿನಲ್ಲಿ ಹೆಚ್ಚು ಆಹಾರ ಹೋಗುತ್ತದೆ. ನಮ್ಮ ಅಜ್ಜಿಯರು ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ ಹುರಿದು ಮಾಡುತ್ತಿದ್ದ ಹಿಟ್ಟಿನ ಗುಟ್ಟು ಇದೇ. ಇಲ್ಲಿ ಪ್ರಯೋಗಾಲಯ ಮನೆಗೆ ಪಾಠ ಹೇಳಲು ಹೋಗಲಿಲ್ಲ, ಮನೆಯಿಂದ ಕಲಿತು ಮನೆಗೇ ಹಿಂತಿರುಗಿಸಿತು. ಮುಂದೆ ಮಲ್ಲೇಶಿಯವರು ಸಿಪ್ಪೆ ತೆಗೆದು ಅನ್ನದಂತೆ ಇಡಿಯಾಗಿ ಬೇಯಿಸಬಹುದಾದ ರಾಗಿಯನ್ನೂ ರೂಪಿಸಿದರು.

2013ರಲ್ಲಿ ‘ಅನ್ನಭಾಗ್ಯ’ ಬಂದಾಗ ಹಸಿದ ಮನೆಗಳಿಗೆ ಅಕ್ಕಿ ತಲುಪಿತು. ಅದನ್ನು ಹೊಟ್ಟೆ ತುಂಬಿದವರು ಹಂಗಿಸಬಾರದು. ಆದರೆ ರಾಗಿಯ ಊರುಗಳಲ್ಲೂ ತಟ್ಟೆ ಇನ್ನಷ್ಟು ಬಿಳಿಯಾಯಿತು. ನಂತರದ ವರ್ಷಗಳಲ್ಲಿ ದಕ್ಷಿಣದ ಜಿಲ್ಲೆಗಳ ಪಡಿತರದಲ್ಲಿ ರಾಗಿಯೂ ಸೇರಿತು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಅದೇ ವರ್ಷ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಅಧ್ಯಯನ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ ಎಂದು ಅಂದಾಜು ಮಾಡಿತು. 2024ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳ ಮಕ್ಕಳಿಗೆ ಹಾಲಿನ ಜೊತೆ ರಾಗಿ ಮಾಲ್ಟ್ ಕೊಡಲು ಆರಂಭಿಸಿದರು. ಇತ್ತ ದೊಡ್ಡ ಅಂಗಡಿಗಳಲ್ಲಿ ರಾಗಿ ಬಿಸ್ಕತ್ತು ಮಿರುಗುವ ಕಾಗದ ಉಟ್ಟು ಕೂತಿದೆ. ದಾದಿ ನೋಡಿದ್ದರೆ ನಕ್ಕುಬಿಡುತ್ತಿದ್ದರು.

ಒಂದು ಎಚ್ಚರಿಕೆಯ ಮಾತು ಇಲ್ಲಿ ಬೇಕು. ರಾಗಿ ಮಂತ್ರವಲ್ಲ. ಅದರಲ್ಲೂ ಪಿಷ್ಟವಿದೆ. ನುಣ್ಣಗೆ ಬೀಸಿದ ಹಿಟ್ಟಿನ ಗಂಜಿ ಕುಡಿದರೆ ರಕ್ತದ ಸಕ್ಕರೆ ಬೇಗನೆ ಏರಬಹುದು. ಅನ್ನ ತಿಂದ ಮೇಲೆ ಮುದ್ದೆಯನ್ನೂ ನುಂಗಿದರೆ ಶುಗರ್ ಇಳಿಯುವುದಿಲ್ಲ. ಮುದ್ದೆ ಸಣ್ಣದಿರಬೇಕು, ಜೊತೆಗೆ ಸೊಪ್ಪು, ಕಾಳು ಇರಬೇಕು, ನಡೆಯಬೇಕು, ಮಾತ್ರೆ ಬಿಡಬಾರದು. ಹೊಟ್ಟೆಯ ಮೂರನೇ ಒಂದು ಭಾಗವನ್ನಷ್ಟೇ ಅನ್ನಕ್ಕೆ ಬಿಡಬೇಕೆಂಬ ಪ್ರವಾದಿಯವರ ಬೋಧನೆಯನ್ನು ಜುಮಾದಲ್ಲಿ ಕೇಳಿ ತಲೆದೂಗಿದ ನಾವು, ವಲೀಮಾದಲ್ಲಿ ಅದನ್ನು ಮರೆಯುತ್ತೇವೆ. ಅವರ ಮನೆಯ ನಿತ್ಯದ ರೊಟ್ಟಿ ಬಾರ್ಲಿಯದಾಗಿತ್ತು ಎಂಬುದೂ ನಮಗೆ ಗೊತ್ತು. ಆ ಕಾಲದ ಅರಬ್ ನಾಡಿನಲ್ಲಿ ಬಾರ್ಲಿ ಎಂದರೆ ಇಲ್ಲಿಯ ರಾಗಿಯೇ, ಇಲ್ಲದವರ ಧಾನ್ಯ. ಸುನ್ನತ್ತೆಂದು ಖರ್ಜೂರಕ್ಕೆ ಬೆಲೆ ಕೊಡುವ ನಾವು ಮುದ್ದೆಗೆ ನಾಚಿಕೊಂಡದ್ದು ಏಕೆ?

ನಮ್ಮ ಮನೆಯಲ್ಲಿ ಬದಲಾವಣೆ ಶುರುವಾದದ್ದು ಅಮ್ಮಿಯ ಬೇರೆ ತಟ್ಟೆಯನ್ನು ತೆಗೆದಿಟ್ಟ ಮೇಲೆ. ವಾರದಲ್ಲಿ ಮೂರು ರಾತ್ರಿ ಎಲ್ಲರಿಗೂ ಮುದ್ದೆ ಎಂದು ತೀರ್ಮಾನವಾಯಿತು. ಮಕ್ಕಳು ಮೊದಲ ವಾರ ಮುಖ ತಿರುವಿದರು. ಬೇಳೆ-ಸೊಪ್ಪಿನ ಸಾರಿನ ಜೊತೆ ಇಳಿಯದ ಮುದ್ದೆ ಒಂದು ಶುಕ್ರವಾರ ಪಾಯಾದ ಜೊತೆ ಇಳಿಯಿತು. ಆಮೇಲೆ ಸೊಪ್ಪಿನ ಜೊತೆಗೂ ಇಳಿಯಿತು. ರಂಜಾನಿನ ಗಂಜಿಗೆ ಅಕ್ಕಿ ನುಚ್ಚನ್ನು ಅರ್ಧಕ್ಕೆ ಇಳಿಸಿ ನವಣೆ, ಹೆಸರುಬೇಳೆ, ಮೆಂತ್ಯ ಹೆಚ್ಚಿಸಿದೆವು. ಇಫ್ತಾರಿನ ಸಮೋಸ ಪೂರ್ತಿ ನಿಲ್ಲಲಿಲ್ಲ, ಕಡಿಮೆಯಾಯಿತು. ದೇವರಾಜ ಮಾರ್ಕೆಟ್ಟಿನಿಂದ ಸೊಪ್ಪು ತಂದು ಬಿಡಿಸುವ ಕೆಲಸವನ್ನು ಗಂಡಸರೂ ಹಂಚಿಕೊಳ್ಳಬೇಕು ಎಂಬ ಕಟ್ಟಳೆ ಮಾಡಿದ್ದರಿಂದ ಇದೆಲ್ಲ ನಡೆಯಿತು. ಇಲ್ಲದಿದ್ದರೆ ಆರೋಗ್ಯದ ಹೆಸರಿನಲ್ಲಿ ಎರಡು ಬಗೆಯ ಅಡುಗೆ ಮಾಡುವ ಭಾರವೆಲ್ಲ ಒಬ್ಬ ಸೊಸೆಯ ಮೇಲೆ ಬೀಳುತ್ತಿತ್ತು. ಒಂದು ತಿಂಗಳಿಗೆ ಅದೂ ನಿಂತುಹೋಗುತ್ತಿತ್ತು.

ಅರಮನೆಯಲ್ಲಿ ಕೂತು ವಿಜ್ಞಾನಿಗಳು ಕೇಳಿಕೊಂಡ ಪ್ರಶ್ನೆ, ಜನರಿಗೆ ಏನನ್ನು ತಿನ್ನಿಸಬೇಕು ಎಂಬುದು. ಅದಕ್ಕೆ ಅವರು ಪ್ರಾಮಾಣಿಕವಾಗಿ ದುಡಿದರು. ಮನೆಯೊಳಗಿನ ಪ್ರಶ್ನೆ ಬೇರೆ: ಯಾರ ಜೊತೆ ಕೂತು ತಿನ್ನಬೇಕು? ಒಬ್ಬರನ್ನು ಪಥ್ಯಕ್ಕೆ ದೂಡಿ ಉಳಿದವರು ಖುಷ್ಕಾ ತಿನ್ನುವ ಮನೆಯಲ್ಲಿ ಯಾವ ಪಟ್ಟಿಯೂ ಫಲಿಸುವುದಿಲ್ಲ.

ಕಳೆದ ವರ್ಷ ಬೀಗರು ಊಟಕ್ಕೆ ಬಂದಿದ್ದರು. ಅಂದು ಬಿರಿಯಾನಿಯೂ ಇತ್ತು. ಅದರ ಪಕ್ಕದಲ್ಲಿ, ದಸ್ತರ್‌ಖಾನಿನ ನಡುವೆ, ಅಮ್ಮಿ ತಾವೇ ಒಂದು ತಟ್ಟೆ ಮುದ್ದೆ ತಂದಿಟ್ಟರು. ಮೊದಲು ಕೈ ಚಾಚಿದವರು ಬೀಗರ ಮನೆಯ ಹಿರಿಯರು. ‘ನಮ್ಮ ಮನೆಯಲ್ಲೂ ಮಾಡುತ್ತೇವೆ, ಹೇಳಿರಲಿಲ್ಲ ಅಷ್ಟೆ’ ಎಂದರು.